ಮತ್ತೆ ತರಗತಿಯಲ್ಲಿ ನಿಂತಿದ್ದೇನೆ, ಇವರೆಲ್ಲರ ದಯೆಯಿಂದ

ಈ ಸೋಮವಾರದಿಂದ ನಾನು ಮತ್ತೆ ಪೂರ್ತಿ ದಿನ ಪಾಠ ಮಾಡುತ್ತಿದ್ದೇನೆ. ಹಲಗೆಯ ಮೇಲೆ ಲೆಕ್ಕ ಬರೆಯುವುದು, ತಿರುಗಿ ಮಕ್ಕಳ ಮುಖ ನೋಡುವುದು, ಮತ್ತೆ ಹಲಗೆಯತ್ತ ಹೊರಳುವುದು: ಗಣಿತದ ಶಿಕ್ಷಕಿ ದಿನವಿಡೀ ಮಾಡುವ ಕೆಲಸವಿದು. ತಿಂಗಳುಗಳ ಕಾಲ ಅದೊಂದೇ ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಮರಳಿ ಕೊಟ್ಟವರಿಗೆ ನಾಲ್ಕು ಜನರೆದುರು ಕೈಮುಗಿಯಬೇಕೆಂದು ಬರೆಯುತ್ತಿದ್ದೇನೆ.

ಜ್ವರ, ನೆಗಡಿ ವಾಸಿಯಾಗುತ್ತಿದ್ದ ಹೊತ್ತಿನಲ್ಲಿ ಒಮ್ಮೆಲೇ ಕೋಣೆ ಗಿರ್ರನೆ ತಿರುಗತೊಡಗಿತು. ಕಣ್ಣು ಮುಚ್ಚಿದರೂ ನಿಲ್ಲಲಿಲ್ಲ. ಪಿತ್ತ ಎಂದರು, ರಕ್ತ ಕಡಿಮೆ ಎಂದರು, ದೃಷ್ಟಿಯನ್ನೂ ತೆಗೆದರು. ಮಾತು ತೊದಲುವುದಾಗಲಿ, ಕೈಕಾಲಿನ ಬಲ ಕುಗ್ಗುವುದಾಗಲಿ, ವಸ್ತುಗಳು ಎರಡೆರಡಾಗಿ ಕಾಣುವುದಾಗಲಿ ಇದೆಯೇ ಎಂದು ವೈದ್ಯರು ಮೊದಲು ಪರೀಕ್ಷಿಸಿದರು. ತಲೆಸುತ್ತಿನ ಜೊತೆ ಇವುಗಳಲ್ಲಿ ಒಂದು ಕಂಡರೂ ಅದು ಪಾರ್ಶ್ವವಾಯು ಆಗಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ನನ್ನದು ವೆಸ್ಟಿಬ್ಯುಲರ್ ನ್ಯೂರೈಟಿಸ್, ಅಂದರೆ ಒಳಗಿವಿಯ ಸಮತೋಲನದ ನರಕ್ಕೆ ಬಂದ ಉರಿಯೂತ. ಎರಡು ಕಿವಿಗಳೂ ಮಿದುಳಿಗೆ ಸಮನಾಗಿ ಸುದ್ದಿ ಕಳುಹಿಸಬೇಕು. ಒಂದು ಸೊರಗಿದರೆ, ಸುಮ್ಮನೆ ಮಲಗಿದ್ದರೂ ನಾವು ತಿರುಗುತ್ತಿದ್ದೇವೆಂದೇ ಮಿದುಳು ತಿಳಿಯುತ್ತದೆ. ಆ ವೈದ್ಯರಿಗೆ ನನ್ನ ಮೊದಲ ನಮಸ್ಕಾರ. ತಲೆಸುತ್ತಿನ ಮಾತ್ರೆಯನ್ನು ಆರಂಭದ ಕೆಲವೇ ದಿನಗಳಿಗೆ ಕೊಟ್ಟು ನಿಲ್ಲಿಸಿದರು. ಅದನ್ನೇ ಬಹಳ ಕಾಲ ನುಂಗುತ್ತಿದ್ದರೆ ಮಿದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುವುದು ತಡವಾಗುತ್ತದೆಂದು ಬಿಡಿಸಿ ಹೇಳಿ, ಫಿಸಿಯೋಥೆರಪಿಗೆ ಕಳುಹಿಸಿದರು.

ಮಂಡಿನೋವಿಗೆ ಹೋಗುವ ಕಡೆ ತಲೆಸುತ್ತಿಗೇನು ಮದ್ದು ಎಂದು ಮನೆಯಲ್ಲಿ ಎಲ್ಲರಿಗೂ ಅಚ್ಚರಿ. ಆ ಫಿಸಿಯೋಥೆರಪಿಸ್ಟ್ ಗೋಡೆಗೆ ಒಂದು ಅಕ್ಷರ ಅಂಟಿಸಿ, ‘ಕಣ್ಣು ಅಕ್ಷರದ ಮೇಲೇ ಇರಲಿ ಮೇಡಂ, ತಲೆಯನ್ನಷ್ಟೇ ಎಡಕ್ಕೆ ಬಲಕ್ಕೆ ತಿರುಗಿಸಿ’ ಎಂದರು. ಅಕ್ಷರ ಕದಡಿಹೋಯಿತು, ಹೊಟ್ಟೆ ತೊಳಸಿತು. ಕಣ್ಣಿನಲ್ಲಿ ಚಿತ್ರ ಜಾರಿದಾಗಲೇ ಮಿದುಳಿಗೆ ತಪ್ಪಿನ ಅರಿವಾಗುತ್ತದೆ, ಅರಿವಾದರೆ ತಾನೇ ತಿದ್ದಿಕೊಳ್ಳುತ್ತದೆ ಎಂದು ವಿವರಿಸಿದರು. ಯಾವ ಚಲನೆಗೆ ಹೆದರಿ ಕುತ್ತಿಗೆ ಬಿಗಿಹಿಡಿದು ಕೂತಿದ್ದೆನೋ ಅದೇ ಚಲನೆ ಔಷಧವಾಯಿತು. ಸುತ್ತು ತುಸುವೇ ಏಳಬೇಕು, ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ಅವರ ಅಳತೆ ಅದು. ಕೂತು ಮಾಡಿದ್ದನ್ನು ನಿಂತು, ನಿಂತು ಮಾಡಿದ್ದನ್ನು ನಡೆಯುತ್ತ ಮಾಡಿಸಿದರು. ದಪ್ಪ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿದರು. ಬಿದ್ದೇನೆಂಬ ಭಯಕ್ಕೆ ಅತ್ತಾಗ ಒಮ್ಮೆಯೂ ಗದರಲಿಲ್ಲ, ಅವಸರಿಸಲಿಲ್ಲ. ಆ ತಾಳ್ಮೆಯ ಋಣ ನನ್ನ ಮೇಲಿದೆ.

1940ರ ದಶಕದಲ್ಲಿ ಬ್ರಿಟನ್ನಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ಇಂಥ ವ್ಯಾಯಾಮಗಳನ್ನು ಕ್ರಮವಾಗಿ ರೂಪಿಸಿದರಂತೆ. ಕಣ್ಣೆತ್ತರಕ್ಕಿಂತ ಮೇಲೆ ಚೆಂಡು ಎಸೆದು ಹಿಡಿಯುವುದೂ ಅದರಲ್ಲಿದೆ. ನಮ್ಮ ಮನೆಯಲ್ಲಿ ನಿಂಬೆಹಣ್ಣೇ ಚೆಂಡು. ಕೆಳಗೆ ಬಿದ್ದಾಗಲೆಲ್ಲ ಮಗಳು ಎತ್ತಿಕೊಡುತ್ತಿದ್ದಳು. ಸ್ಪಂಜಿನ ಮೇಲೆ ನಿಂತಾಗ ಪತಿ ಬೆನ್ನ ಹಿಂದೆ ಕೈಚಾಚಿ ನಿಂತಿರುತ್ತಿದ್ದರು, ಮುಟ್ಟದೆ, ಆದರೆ ಕದಲದೆ. ಅತ್ತೆಯವರು ಒಲೆಯ ಮುಂದೆ ನನ್ನನ್ನು ನಿಲ್ಲಗೊಡಲಿಲ್ಲ. ಆದರೆ ಸಂಜೆ ಅಂಗಳದಲ್ಲಿ ತಲೆ ಹೊರಳಿಸುತ್ತ ನಡೆಯುವುದನ್ನು ಒಂದು ದಿನವೂ ತಪ್ಪಿಸಗೊಡಲಿಲ್ಲ.

ಎಲ್ಲ ತಲೆಸುತ್ತಿಗೂ ಇದೇ ದಾರಿಯಲ್ಲ. ಪಕ್ಕದ ಮನೆಯ ಅಜ್ಜಿಗೆ ಹಾಸಿಗೆಯಲ್ಲಿ ಮಗ್ಗುಲಾದಾಗ ಮಾತ್ರ ಸುತ್ತುತ್ತಿತ್ತು. ಒಳಗಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಜಾಗ ಬಿಟ್ಟು ಅರೆವೃತ್ತಾಕಾರದ ನಾಳಕ್ಕೆ ಸೇರಿಕೊಂಡರೆ ಹೀಗಾಗುತ್ತದೆ. ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟೇ ಅಜ್ಜಿಯನ್ನೂ ಪರೀಕ್ಷಿಸಿ, ಮಲಗಿಸಿ, ತಲೆಯನ್ನು ಹಂತಹಂತವಾಗಿ ಹೊರಳಿಸಿ ಕೂರಿಸುವ ಎಪ್ಲಿ ವಿಧಾನದಿಂದ ಆ ಹರಳುಗಳನ್ನು ನಾಳದಿಂದ ಹೊರಕ್ಕೆ ಸರಿಸಿದರು. ಅಜ್ಜಿಯ ಪರವಾಗಿಯೂ ಅವರಿಗೆ ವಂದನೆ.

ಕೊನೆಯದಾಗಿ ನನ್ನ ಶಾಲೆಗೆ. ಇಷ್ಟು ದಿನ ತನ್ನ ಬಿಡುವಿನ ಅವಧಿಯಲ್ಲಿ ನನ್ನ ಹತ್ತನೇ ತರಗತಿಯನ್ನು ನೋಡಿಕೊಂಡ ವಿಜ್ಞಾನದ ಗೆಳತಿಯೇ, ನೀನು ಹಾಕಿಕೊಟ್ಟ ಸಮೀಕರಣಗಳನ್ನು ಮಕ್ಕಳು ಚೆನ್ನಾಗಿ ಬಿಡಿಸುತ್ತಿದ್ದಾರೆ. ಮುಂದಿನ ವಾರ ತ್ರಿಕೋನಮಿತಿಯನ್ನು ನಾನೇ ಆರಂಭಿಸುತ್ತೇನೆ. ನಿನ್ನ ಬಿಡುವಿನ ಅವಧಿ ಇನ್ನು ನಿನ್ನದೇ.