ಶಿವಮೊಗ್ಗ–ಬೆಂಗಳೂರು ವಿಮಾನ: ನಮ್ಮ ಪ್ರಯಾಣ ಚೀಟಿಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ, ಟಿಕೆಟ್ಟಿನ ಜೊತೆ ಕೊಡುವ ನಮ್ಮ ಪ್ರಯಾಣ ಚೀಟಿಯಲ್ಲಿ ಈ ಮಾರ್ಗದ ದೂರ, ಟಿಕೆಟ್ಟಿನ ಸಮಯ, ಮನೆಯಿಂದ ಮನೆಗೆ ಹಿಡಿಯುವ ಸಮಯ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಡುತ್ತೇವೆ. ಬೆಂಗಳೂರಿನಲ್ಲಿ ಬೇರೆ ಪಿಎನ್‌ಆರ್‌ನ (ಟಿಕೆಟ್ ಬುಕಿಂಗ್ ಸಂಖ್ಯೆಯ) ಇನ್ನೊಂದು ವಿಮಾನ ಹಿಡಿಯುವವರಿಗೆ ಎರಡರ ನಡುವೆ ನಾಲ್ಕು ಗಂಟೆಯಾದರೂ ಬಿಡುವಿದ್ದರೆ ಮಾತ್ರ ಟಿಕೆಟ್ ಮಾಡಿಕೊಡುತ್ತೇವೆ.

ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಗೆ ನೇರ ದೂರ ಸುಮಾರು 240 ಕಿ.ಮೀ. ಈ ಮಾರ್ಗದ ಎಟಿಆರ್ 72 ಎಂಬ ಚಿಕ್ಕ ವಿಮಾನ ಗಂಟೆಗೆ 500 ಕಿ.ಮೀ. ಹತ್ತಿರ ಹಾರುತ್ತದೆ. ಅರ್ಧ ಗಂಟೆಯ ದಾರಿಗೆ ಟಿಕೆಟ್ಟಿನಲ್ಲಿ ಒಂದರಿಂದ ಒಂದೂಕಾಲು ಗಂಟೆ ಯಾಕೆ ಎಂದು ಬಹಳ ಜನ ಕೇಳುತ್ತೀರಿ. ಆ ವೇಗ ಸಿಗುವುದು ಮೇಲೇರಿ ಸಮವಾಗಿ ಹಾರುವಾಗ ಮಾತ್ರ. ಇಷ್ಟು ಹತ್ತಿರದ ಊರಿಗೆ ದಾರಿಯ ಬಹುಪಾಲು ಏರುವುದರಲ್ಲಿ, ಇಳಿಯುವುದರಲ್ಲೇ ಕಳೆಯುತ್ತದೆ. ಮೇಲಾಗಿ ಟಿಕೆಟ್ಟಿನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇಗೆ ಸಾಗುವುದು, ಸರದಿಗೆ ಕಾಯುವುದು ಎಲ್ಲವೂ ಅದರೊಳಗೇ.

ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಶಿವಮೊಗ್ಗದಿಂದ ಬಂದ ವಿಮಾನವು ಬೆಂಗಳೂರಿನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಚಳಿಗಾಲದಲ್ಲಿ ಮೂಡಣ ಗಾಳಿಯಿದ್ದರೆ ಬಂದ ದಿಕ್ಕಿನಲ್ಲೇ ನೇರ ಇಳಿಯುತ್ತದೆ. ಆದರೆ ಡಿಸೆಂಬರ್–ಜನವರಿ ಬೆಳಗಿನ ಮಂಜಿನಲ್ಲಿ ಆ ಲಾಭವೂ ಹೋಗಬಹುದು.

ಮನೆಯಿಂದ ಮನೆಗೆ ಲೆಕ್ಕ ಹೀಗೆ: ಶಿವಮೊಗ್ಗ ಪೇಟೆಯಿಂದ ಸೋಗಾನೆಗೆ ಅರ್ಧ ಗಂಟೆ, ಹೊರಡುವ ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿ ಇರುವುದು (ಚೆಕ್-ಇನ್ ಕೌಂಟರ್ 60 ನಿಮಿಷ ಮೊದಲೇ ಮುಚ್ಚುತ್ತದೆ), ಟಿಕೆಟ್ಟಿನ ಸಮಯ ಒಂದರಿಂದ ಒಂದೂಕಾಲು ಗಂಟೆ, ಬ್ಯಾಗ್ ಸಿಗಲು ಅರ್ಧ ಗಂಟೆ, ಅಲ್ಲಿಂದ ಮೆಜೆಸ್ಟಿಕ್‌ಗೆ ಒಂದರಿಂದ ಒಂದೂವರೆ ಗಂಟೆ. ಒಟ್ಟು ಐದು ಗಂಟೆಯ ಆಸುಪಾಸು. ಪೀಣ್ಯ, ಯಶವಂತಪುರದ ಕಡೆ ಕೆಲಸವಿದ್ದವರಿಗೆ ಜನಶತಾಬ್ದಿ ರೈಲೇ ಮೇಲು ಎಂದು ನಾವೇ ಹೇಳುತ್ತೇವೆ. ದೇವನಹಳ್ಳಿ, ಯಲಹಂಕ, ಹೆಬ್ಬಾಳಕ್ಕೆ ಹೋಗುವವರಿಗೂ ಮುಂದಿನ ವಿಮಾನ ಹಿಡಿಯುವವರಿಗೂ ವಿಮಾನದಿಂದ ನಿಜವಾದ ಉಳಿತಾಯ.

ನಾಲ್ಕು ಗಂಟೆಯ ನಿಯಮ ಏಕೆಂದರೆ, ಪಿಎನ್‌ಆರ್ ಬೇರೆಯಾದರೆ ಸಾಮಾನ್ಯವಾಗಿ ಬ್ಯಾಗ್ ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ನೀವೇ ಬೆಲ್ಟಿನಿಂದ ಎತ್ತಿಕೊಂಡು, ಹೊರಬಂದು, ಮತ್ತೆ ಚೆಕ್-ಇನ್ ಮಾಡಿ, ಭದ್ರತಾ ತಪಾಸಣೆ ಮುಗಿಸಬೇಕು. ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೊರಡುವುದರಿಂದ, ಟರ್ಮಿನಲ್ 1ರಲ್ಲಿ ಇಳಿದವರು ಶಟಲ್ ಬಸ್ಸು ಹಿಡಿಯಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಆ ಟಿಕೆಟ್ಟಿನ ಹಣ ಕೇಳಿ ಪಡೆಯುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಪಿಎನ್‌ಆರ್‌ನಲ್ಲಿ ಮುಂದಿನ ಊರಿನವರೆಗೂ ಟಿಕೆಟ್ ಸಿಗುವುದಾದರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ.

ಎಟಿಆರ್‌ನಲ್ಲಿ ಸೀಟಿನ ಮೇಲಿನ ಜಾಗ ಚಿಕ್ಕದು. ಟ್ರಾಲಿ ಬ್ಯಾಗನ್ನು ಸಿಬ್ಬಂದಿ ವಿಮಾನದ ಬಾಗಿಲಲ್ಲೇ ನಿಮ್ಮಿಂದ ತೆಗೆದುಕೊಂಡು ಸಾಮಾನಿನ ಜಾಗಕ್ಕೆ ಹಾಕಬಹುದು. ಔಷಧ, ಲ್ಯಾಪ್‌ಟಾಪ್, ಕಾಗದಪತ್ರ ಕೈಚೀಲದಲ್ಲಿರಲಿ.

ಟಿಕೆಟ್ ಹೇಳುವಾಗ ಬೆಂಗಳೂರಿನಲ್ಲಿ ತಲುಪಬೇಕಾದ ಬಡಾವಣೆ, ಮುಂದಿನ ವಿಮಾನದ ಸಮಯ ಎರಡನ್ನೂ ತಿಳಿಸಿ. ಈಗಾಗಲೇ ಮಾಡಿಸಿದ ಟಿಕೆಟ್ಟುಗಳಿಗೆ ಹೊಸ ಚೀಟಿ ಬೇಕಿದ್ದರೆ ಕಚೇರಿಗೆ ಬನ್ನಿ, ಶುಲ್ಕವಿಲ್ಲ.

ಇಂತಿ,
ಟಿಕೆಟ್ ವಿಭಾಗ, ಶಿವಮೊಗ್ಗ