ಚಿತ್ರದಿಂದ ಅಜ್ಜಿಯನ್ನು ಅಳಿಸಿಹಾಕಿದ ಆಲ್ಬಮ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಮದುವೆ ಛಾಯಾಗ್ರಹಣ ಸಂಸ್ಥೆ,
ಮಂಗಳೂರು.

ವಿಷಯ: ಫೆಬ್ರವರಿಯಲ್ಲಿ ಶಿರ್ವದ ನಮ್ಮ ಮನೆಯಂಗಳದಲ್ಲಿ ನಡೆದ ತಂಗಿಯ ಮದುವೆಯ ಚಿತ್ರಗಳು ಮತ್ತು ನಿಮ್ಮ ಕಚೇರಿಯಲ್ಲಿ ನಮಗೆ ಸಿಕ್ಕ ಮರ್ಯಾದೆ.

ಮಾನ್ಯರೇ,

ಫೋನಿನಲ್ಲಿ ಮೆತ್ತಗೆ ಕೇಳಿದ್ದಾಯಿತು. ವಾಟ್ಸ್‌ಆ್ಯಪ್‌ನಲ್ಲಿ ‘ದಯವಿಟ್ಟು’ ಸೇರಿಸಿ ಬರೆದದ್ದೂ ಆಯಿತು. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿರುವುದು, ‘ನಮಗೆ ತಲುಪಲೇ ಇಲ್ಲ’ ಎನ್ನಲು ನಿಮಗೆ ಅವಕಾಶ ಇರಬಾರದೆಂದು.

ಕರಾರು ನಿಮ್ಮದೇ ಲೆಟರ್‌ಹೆಡ್‌ನಲ್ಲಿದೆ, ಷರತ್ತುಗಳನ್ನು ಬರೆದವರೂ ನೀವೇ. ಆದ್ದರಿಂದ 3ನೇ, 5ನೇ ಮತ್ತು 8ನೇ ಷರತ್ತುಗಳನ್ನು ಇಲ್ಲಿ ಮತ್ತೆ ನಕಲು ಮಾಡುವುದಿಲ್ಲ. ‘ಯಾರನ್ನೂ ನಿಲ್ಲಿಸಿ ಪೋಸ್ ಕೊಡಿಸುವುದಿಲ್ಲ, ಮನೆಯ ಮದುವೆ ಇದ್ದ ಹಾಗೆಯೇ ತೆಗೆಯುತ್ತೇವೆ’ ಎಂಬ ಮಾತನ್ನು ನಂಬಿ 1,40,000 ರೂಪಾಯಿಗೆ ಒಪ್ಪಿ, 1,10,000 ಮುಂಗಡ ಕೊಟ್ಟು ಸಹಿ ಹಾಕಿದವಳು ನಾನು. ಹಾಲ್ ಬೇಡ, ಅಂಗಳದಲ್ಲಿಯೇ ಆಗಲಿ ಎಂದು ಹಟ ಹಿಡಿದವಳು ತಂಗಿ. ಮಾವಂದಿರು ಮತ್ತು ನೆರೆಮನೆಯವರು ಸೇರಿ ತೆಂಗಿನ ಮಡಲು ಹೆಣೆದು ಚಪ್ಪರ ಹಾಕಿದರು. ಮಂಟಪದ ಬಿದಿರಿಗೆ ಅಡಿಕೆಯ ಹಿಂಗಾರ ಕಟ್ಟಿದರು. ಪೇಟೆಯಿಂದ ತಂದ ಪ್ಲಾಸ್ಟಿಕ್ ಹೂವು ಒಂದೂ ಇರಲಿಲ್ಲ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದರು. ಶಂಕರಪುರದ ಮಲ್ಲಿಗೆ ಕಟ್ಟಿಯೇ ಸಿಗುತ್ತದೆ, ಅಟ್ಟೆ ಎಂಬ ಹೂವಿನ ಅಳತೆಯ ಲೆಕ್ಕದಲ್ಲಿ ತರಬಹುದಿತ್ತು. ಮೊಮ್ಮಗಳ ಜಡೆಯ ಹೂವು ತನ್ನ ಕೈಯದೇ ಆಗಬೇಕೆಂದು ಬಿಡಿ ಮೊಗ್ಗು ತರಿಸಿ ಕಟ್ಟಿದವರು ಅವರು.

ಈಗ ಮಧ್ಯಾಹ್ನದ ಧಾರೆಯ ವಿಷಯ. ನಡು ಹಗಲಿನಲ್ಲಿ ಮಡಲಿನ ಸಂದಿಯಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಮುಖದ ಮೇಲೆ ಬೀಳುತ್ತದೆಂಬುದು ನಮಗೂ ಗೊತ್ತಿತ್ತು. ಅದಕ್ಕೇ ಹಿಂದಿನ ದಿನ ಅದೇ ಹೊತ್ತಿಗೆ ನಿಮ್ಮವರನ್ನು ಕರೆಸಿದ್ದು. ಮಂಟಪದ ಮೇಲೆ ತೆಳು ಬಿಳಿ ಬಟ್ಟೆ ಬಿಗಿಯುತ್ತೇವೆ ಎಂದರು. ಆ ಬಟ್ಟೆ ಮದುವೆ ಮುಗಿಯುವವರೆಗೂ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಿದಂತೆಯೇ ಇತ್ತು. ಮುಹೂರ್ತದ ಹೊತ್ತಿಗೆ ನಿಮ್ಮ ಮುಖ್ಯ ಛಾಯಾಗ್ರಾಹಕರು ಗೇಟಿನ ಬಳಿ, ಸಂಜೆ ಕಾಪು ಕಡಲತೀರದಲ್ಲಿ ತೆಗೆಯಬೇಕಾದ ಚಿತ್ರಗಳ ಬಗ್ಗೆ ಫೋನಿನಲ್ಲಿ ಚರ್ಚಿಸುತ್ತಿದ್ದರು. ಕಾಪುವಿನ ದೀಪಸ್ತಂಭ 1901ರಿಂದ ಅಲ್ಲೇ ನಿಂತಿದೆ, ಸಂಜೆಯವರೆಗೂ ನಿಲ್ಲುತ್ತಿತ್ತು. ಧಾರೆಯ ನೀರು ನಿಲ್ಲುವುದಿಲ್ಲ. ಎರಡನೆಯವರು ಕೋಣೆಯಲ್ಲಿ ಮದುಮಗಳ ಚಪ್ಪಲಿಯನ್ನು ಚಾಪೆಯ ಮೇಲಿಟ್ಟು ತೆಗೆಯುತ್ತಿದ್ದರು. ಚಪ್ಪಲಿಯ ಚಿತ್ರಗಳು ಬಹಳ ಚೆನ್ನಾಗಿ ಬಂದಿವೆ, ಅಭಿನಂದನೆಗಳು. ಅಪ್ಪ ನೀರು ಎರೆಯುವ ಒಂದು ಚಿತ್ರವೂ ಇಲ್ಲ. ಕೆಳಗಿಳಿಸಿದ ಡ್ರೋನಿನ ಗಾಳಿಗೆ ಹೂವಿನ ರಂಗೋಲಿ ಹಾರುವುದು ಮಾತ್ರ ಸ್ಪಷ್ಟವಾಗಿ ದಾಖಲಾಗಿದೆ.

ಇಷ್ಟನ್ನೂ ನುಂಗಿಕೊಂಡಿದ್ದೆವು. ಜೂನ್ ತಿಂಗಳಲ್ಲಿ ಆಲ್ಬಮಿನ ಮಾದರಿ ನೋಡಲು ಅಮ್ಮ ಮತ್ತು ನಾನು ನಿಮ್ಮ ಕಚೇರಿಗೆ ಬಂದ ದಿನದ್ದನ್ನು ನುಂಗಲು ಆಗುತ್ತಿಲ್ಲ. ಅಂದು ನೀವು ಇರಲಿಲ್ಲವಂತೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೊರಗೆ ಜೋರು ಮಳೆ. ಸೋಫಾದಲ್ಲಿ ಹೊಸದಾಗಿ ಬುಕ್ ಮಾಡಲು ಬಂದ ಹುಡುಗ, ಹುಡುಗಿ ಕುಳಿತಿದ್ದರು. ಉಳಿದ ಎರಡು ಕುರ್ಚಿಗಳ ಮೇಲೆ ಮಾದರಿ ಆಲ್ಬಮ್‌ಗಳಿದ್ದವು. ಅವುಗಳನ್ನು ಎತ್ತಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಟ್ರೇಯಲ್ಲಿ ಕಾಫಿ ಬಂತು, ಎರಡೇ ಲೋಟ, ಸೋಫಾದವರಿಗೆ. ಅಮ್ಮ ಒದ್ದೆ ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದೇ ನಿಂತಿದ್ದರು. ನಿಮ್ಮ ಸಂಕಲನಕಾರರು ಗೋಡೆಯ ದೊಡ್ಡ ಟಿವಿಯಲ್ಲಿ ನಮ್ಮ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಮಡಲಿನ ಹಸಿರು ಕಂದು ಬಣ್ಣಕ್ಕೆ ತಿರುಗಿತ್ತು. ಮಲ್ಲಿಗೆ ಹಳದಿಯಾಗಿತ್ತು. ಅಂಗಳದ ಮೂಲೆಯಲ್ಲಿ ಒಣಗಲು ಹಾಕಿದ್ದ ಅಡಿಕೆ ಮಾಯವಾಗಿತ್ತು. ಜಗಲಿಯ ಚಿತ್ರ ಬಂದಾಗ ಅಮ್ಮ ಎರಡು ಹೆಜ್ಜೆ ಮುಂದೆ ಹೋಗಿ, “ಇಲ್ಲಿ ಅತ್ತೆ ಕುಳಿತಿದ್ದರಲ್ಲ?” ಎಂದು ಕೇಳಿದರು.

“ಆ ಮುದುಕಿಯಾ? ಫ್ರೇಮಿಗೆ ಅಡ್ಡ ಬರುತ್ತಿದ್ದರು ಅಮ್ಮ, ಅಳಿಸಿದ್ದೇವೆ. ಅದಕ್ಕೆ ಬೇರೆ ಚಾರ್ಜ್ ಹಾಕಿಲ್ಲ.”

“ಅವರು ಹುಡುಗಿಯ ಅಜ್ಜಿ.”

“ಹೌದಾ? ಕೆಲಸದವರು ಎಂದುಕೊಂಡೆವು.”

ಸೋಫಾದ ಹುಡುಗಿ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದಳು. ಅಮ್ಮನಿಗೆ ಬದಲು ಮಾತು ಹೊರಡಲಿಲ್ಲ. ನಾನು ಕ್ಯಾಮೆರಾದಿಂದ ಬಂದ ಹಾಗೆಯೇ ಇರುವ ಮೂಲ ಫೈಲ್‌ಗಳನ್ನು, ಅಂದರೆ ರಾ ಫೈಲ್‌ಗಳನ್ನು ಕೊಡಿ ಎಂದೆ. “ರಾ ಫೈಲ್ ಯಾರಿಗೂ ಕೊಡುವುದಿಲ್ಲ ಮೇಡಂ, ಅದು ನಮ್ಮ ಪ್ರಾಪರ್ಟಿ. ಬೇಕಿದ್ದರೆ ಗ್ರೂಪ್ ಫೋಟೋದಿಂದ ಅಜ್ಜಿಯ ಮುಖ ತೆಗೆದು ಕೂರಿಸುತ್ತೇವೆ. ಚಿತ್ರವೊಂದಕ್ಕೆ 500 ರೂಪಾಯಿ.” ಅಷ್ಟರಲ್ಲಿ ಕೊಡೆಯಿಂದ ಇಳಿದ ನೀರನ್ನು ಒರೆಸಲು ಹುಡುಗನೊಬ್ಬ ಬಂದು, ಅಮ್ಮನಿಗೆ ಕಾಲು ಸರಿಸಲು ಹೇಳಿದ. ನೆಲ ಸ್ವಚ್ಛವಾಗಿರಬೇಕು, ಒಪ್ಪುತ್ತೇನೆ.

ಅಳಿಸುವ ಕೆಲಸವನ್ನಾದರೂ ನೆಟ್ಟಗೆ ಮಾಡಿದ್ದೀರಾ? ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕಂಬದ ಎಡ ಅಂಚಿನಲ್ಲಿ ಬಾಳೆನಾರು ಹಿಡಿದ ಎರಡು ಬೆರಳು ಹಾಗೆಯೇ ಉಳಿದಿವೆ.

ನಿಮ್ಮ ‘ಪ್ರಾಪರ್ಟಿ’ ಬಗ್ಗೆ ಹೇಳುವುದಾದರೆ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಸಣ್ಣ ಅಕ್ಷರಗಳನ್ನು ಓದುವುದೇ ನನ್ನ ವೃತ್ತಿ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ನೋಡಿ. ನಿಮ್ಮ ಕರಾರಿನಲ್ಲಿ ಬೇರೆ ಒಪ್ಪಂದ ಇಲ್ಲ, ಹುಡುಕಿ ಸುಸ್ತಾಗಬೇಡಿ. ಹೀಗಿರುವಾಗ ನಮ್ಮನ್ನು ಕೇಳದೆ ತಂಗಿಯ ಚಿತ್ರವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿ, ಕೆಳಗೆ ‘ಹಳ್ಳಿ ಥೀಮ್, ಅಲಂಕಾರ: ನಮ್ಮ ತಂಡ’ ಎಂದು ಬರೆದುಕೊಂಡಿದ್ದೀರಿ. ಮಡಲು ಹೆಣೆದು ಕೈ ಸೀಳಿಕೊಂಡ ನನ್ನ ಮಾವ ನಿಮ್ಮ ತಂಡಕ್ಕೆ ಯಾವಾಗ ಸೇರಿದರು? ಸೇರಿದ್ದರೆ ಸಂಬಳ ಬಾಕಿ ಇದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಬಣ್ಣ ಬದಲಿಸದ, ಯಾರನ್ನೂ ಅಳಿಸದ ಎಲ್ಲ ಮೂಲ ಫೈಲ್‌ಗಳು ಬೇಕು. ಬಿಸಿಲು-ನೆರಳು ಸರಿಪಡಿಸಲು ಕುಗ್ಗಿಸಿ ಉಳಿಸಿದ ಜೆಪೆಗ್‌ ಚಿತ್ರಕ್ಕಿಂತ ರಾ ಫೈಲಿನಲ್ಲಿ ಹೆಚ್ಚು ಅವಕಾಶವಿದೆ, ಆ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತೇವೆ. ಮುಂಗಡದ ಅರ್ಧ ಹಣ ಹಿಂದಕ್ಕೆ ಬರಬೇಕು. ಇನ್‌ಸ್ಟಾಗ್ರಾಮ್‌ನ ಚಿತ್ರ ಇಳಿಯಬೇಕು. ಅಮ್ಮನಿಗೆ ಲಿಖಿತ ಕ್ಷಮಾಪಣೆ ಬೇಕು, ಸಂಕಲನಕಾರರ ಸಹಿಯೊಂದಿಗೆ.

ಬಾರದಿದ್ದರೆ ಉಡುಪಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಭೇಟಿಯಾಗೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಮಂಗಳೂರಿಗೆ ಅಲೆಯಬೇಕಾಗಿಲ್ಲ, ನಾನಿರುವ ಜಿಲ್ಲೆಗೆ ನೀವೇ ಬರಬೇಕು. 5 ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷ ಕಾಲಾವಕಾಶವಿದೆ, ನನಗೆ ರಜೆಯೂ ಇದೆ. ಮುಂಗಡಕ್ಕೆ ನೀವು ಕೊಡದ ಜಿಎಸ್‌ಟಿ ಬಿಲ್ಲನ್ನು ಸಂಬಂಧಪಟ್ಟವರ ಗಮನಕ್ಕೆ ತರುತ್ತೇನೆ. 250 ಗ್ರಾಂ ಮೀರಿದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ 2021ರ ನಿಯಮಗಳ ಪ್ರಕಾರ ಇರಬೇಕಾದ ಪೈಲಟ್ ಪ್ರಮಾಣಪತ್ರವನ್ನು ಅಂದು ಹಾರಿಸಿದ ಹುಡುಗನ ಹೆಸರಿನಲ್ಲಿ ಸಿದ್ಧವಾಗಿಡಿ. ಬಾಕಿ 30,000 ರೂಪಾಯಿಯ ವಿಷಯಕ್ಕೆ ಇನ್ನೊಮ್ಮೆ ನನಗೆ ಫೋನ್ ಮಾಡಿದರೆ ಕರೆಯನ್ನು ರೆಕಾರ್ಡ್ ಮಾಡಿ ದೂರಿನ ಜೊತೆ ಲಗತ್ತಿಸುತ್ತೇನೆ.

ನಿಜ ಹೇಳಬೇಕೆಂದರೆ, ನೀವು ಹಣ ಹಿಂತಿರುಗಿಸುವುದಕ್ಕಿಂತ ತಕರಾರು ತೆಗೆಯುವುದೇ ನನಗೆ ಇಷ್ಟ.

ಇತಿ,
ಕರಾರಿಗೆ ಸಹಿ ಹಾಕಿದ, ಮದುಮಗಳ ಅಕ್ಕ
ಶಿರ್ವ, ಉಡುಪಿ ಜಿಲ್ಲೆ

ಲಗತ್ತು: ಕರಾರಿನ ಪ್ರತಿ, ಪಾವತಿಯ ವಿವರ, ಇನ್‌ಸ್ಟಾಗ್ರಾಮ್ ಪುಟದ ಪ್ರತಿ, ಎರಡು ಬೆರಳಿನ ಚಿತ್ರ.