ನೋವಿನೊಡನೆ ವ್ಯಾಯಾಮ ಆರಂಭಿಸಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ತೂಕ ಇಳಿಸುವುದಕ್ಕೂ ವ್ಯಾಯಾಮಕ್ಕೂ ಒಟ್ಟಿಗೆ ಕೈಹಾಕುವುದಾಗಿ ನೀನು ಬರೆದದ್ದನ್ನು ಓದಿ ಸಂತೋಷವಾಯಿತು. ಆದರೆ ಜೊತೆಯಲ್ಲಿ ಕಳಿಸಿದ ವೇಳಾಪಟ್ಟಿಯನ್ನು ನೋಡಿ ಸ್ವಲ್ಪ ಗಾಬರಿಯೂ ಆಯಿತು. ದಿನವೂ ಒಂದು ಗಂಟೆಯ ಬಿರುಸಿನ ನಡಿಗೆ, ವಾರಕ್ಕೆ ನಾಲ್ಕು ದಿನ ಭಾರ ಎತ್ತುವುದು, ರಾತ್ರಿಯ ಊಟ ಪೂರ್ತಿ ಬಂದ್. ಯಾವ ನೋವೂ ಇಲ್ಲದವನು ಕೂಡ ಇದನ್ನು ಹೆಚ್ಚು ದಿನ ನಡೆಸಲಾರ. ಸೊಂಟ ಮತ್ತು ಮೊಣಕಾಲಿನ ನೋವನ್ನು ವರ್ಷಗಳಿಂದ ಅನುಭವಿಸುತ್ತಿರುವ ನೀನು ಬೇಗನೆ ಕೈಬಿಡಬೇಕಾಗಿ ಬರುತ್ತದೆ, ಮತ್ತು ನಿನ್ನ ಸ್ವಭಾವ ಬಲ್ಲ ನಾನು ಹೇಳುವುದಾದರೆ, ದೋಷ ಯೋಜನೆಯಲ್ಲಿತ್ತು ಎನ್ನದೆ ನಿನ್ನಲ್ಲೇ ಇತ್ತೆಂದು ತೀರ್ಮಾನಿಸಿಬಿಡುತ್ತೀಯೆ. ಹಾಗಾಗದಿರಲೆಂದು ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ನನ್ನದೂ ಬೆನ್ನುನೋವಿನ ದೇಹವೇ ಆದ್ದರಿಂದ, ಇಲ್ಲಿ ಓದಿ ತಿಳಿದದ್ದರ ಜೊತೆಗೆ ಅನುಭವಿಸಿ ತಿಳಿದದ್ದೂ ಸೇರಿದೆ.

"ತೂಕ ಇಳಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ" ಎಂದು ವೈದ್ಯರು ತಲೆಯೆತ್ತದೆ ಹೇಳಿ ಕಳಿಸಿದರೆಂದು ನೊಂದುಕೊಂಡಿದ್ದೀಯೆ. ಆ ಮಾತಿನ ಮೊದಲ ಭಾಗದಲ್ಲಿ ಹುರುಳಿದೆ. ಮೊಣಕಾಲಿನ ಕೀಲುಸವೆತ ಇರುವವರಲ್ಲಿ ದೇಹದ ತೂಕ ಒಂದು ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಒತ್ತಡ ಸುಮಾರು ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತದೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲದೆ ಕೊಬ್ಬಿನ ಅಂಗಾಂಶವೆಂದರೆ ಸುಮ್ಮನೆ ಬಿದ್ದಿರುವ ಹೊರೆಯಲ್ಲ. ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆದರೆ "ಎಲ್ಲ ಸರಿಹೋಗುತ್ತದೆ" ಎಂಬ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವೆಂದು ಕರೆಯುತ್ತದೆ, ಮತ್ತು ಅಂಥ ನೋವಿನಲ್ಲಿ ಎಷ್ಟೋ ಸಲ ಮೂಲದ ಗಾಯ ಮಾಗಿದ ಮೇಲೂ ನರಮಂಡಲದ ಸೂಕ್ಷ್ಮತೆ ಏರಿದ ಮಟ್ಟದಲ್ಲಿಯೇ ನಿಂತುಬಿಟ್ಟಿರುತ್ತದೆ. ತೂಕ ಇಳಿದ ಮಾತ್ರಕ್ಕೆ ಆ ಸೂಕ್ಷ್ಮತೆ ಇಳಿಯಬೇಕೆಂದೇನೂ ಇಲ್ಲ. ತೆಳ್ಳಗಿರುವವರಿಗೂ ಸೊಂಟ ನೋಯುತ್ತದೆ ಎಂಬುದನ್ನು ಆ ವೈದ್ಯರಿಗೆ ಯಾರಾದರೂ ನೆನಪಿಸಬೇಕಿತ್ತು.

ಇನ್ನೊಂದು ಸಂಗತಿಯನ್ನು ಅವರು ಹೇಳಬೇಕಾಗಿತ್ತು, ಹೇಳಿಲ್ಲ. ನರಸಂಬಂಧಿ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ಹಲವರಲ್ಲಿ ತೂಕವನ್ನು ಹೆಚ್ಚಿಸುತ್ತವೆ. ದೀರ್ಘಕಾಲ ತೆಗೆದುಕೊಳ್ಳುವ ಸ್ಟೆರಾಯ್ಡ್ ಕೂಡ ಹಾಗೆಯೇ. ನಿನ್ನ ಮಾತ್ರೆಗಳಲ್ಲಿ ಇವುಗಳಲ್ಲೊಂದಿದ್ದರೆ ಬೇರೆ ದಾರಿಯುಂಟೇ ಎಂದು ವೈದ್ಯರನ್ನೇ ಕೇಳು. ನೀನಾಗಿ ಒಮ್ಮೆಗೇ ನಿಲ್ಲಿಸಬೇಡ, ಅದು ಅಪಾಯ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ತೂಕವನ್ನೂ ವ್ಯಾಯಾಮವನ್ನೂ ಒಂದೇ ಕೆಲಸವೆಂದು ಎಣಿಸಬೇಡ. ಒಂದು ಕೆ.ಜಿ. ಕೊಬ್ಬಿನಲ್ಲಿ ಸರಿಸುಮಾರು 7,700 ಕ್ಯಾಲರಿ ಅಡಗಿದೆ, ಅರ್ಧ ಗಂಟೆಯ ಸಾಮಾನ್ಯ ನಡಿಗೆಯಲ್ಲಿ ಕರಗುವುದು ನೂರು-ನೂರೈವತ್ತು ಕ್ಯಾಲರಿಯ ಆಸುಪಾಸು; ಲೆಕ್ಕವನ್ನು ನೀನೇ ಮಾಡಿಕೊಳ್ಳಬಹುದು. ಕೀಲುಸವೆತವಿದ್ದ 454 ಮಂದಿಯನ್ನು ಹದಿನೆಂಟು ತಿಂಗಳು ಅನುಸರಿಸಿ 2013ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ವ್ಯಾಯಾಮ ಮಾಡಿದವರ ತೂಕ ಸರಾಸರಿ ಎರಡು ಕೆ.ಜಿ.ಯಷ್ಟೂ ಇಳಿಯಲಿಲ್ಲ, ಆಹಾರವನ್ನೂ ನಿಯಂತ್ರಿಸಿ ವ್ಯಾಯಾಮವನ್ನೂ ಮಾಡಿದವರದ್ದು ಹತ್ತು ಕೆ.ಜಿ.ಗೂ ಮಿಗಿಲಾಗಿ ಇಳಿಯಿತು, ನೋವು ಅತಿ ಕಡಿಮೆ ಉಳಿದದ್ದೂ ಅವರಲ್ಲಿಯೇ. ಆದ್ದರಿಂದ ತೂಕದ ಜವಾಬ್ದಾರಿಯನ್ನು ಬಹುಪಾಲು ಆಹಾರಕ್ಕೆ ಬಿಡು. ವ್ಯಾಯಾಮ ನಿನ್ನ ಸ್ನಾಯುಗಳಿಗಾಗಿ, ಕೀಲುಗಳಿಗಾಗಿ, ಚಲನೆಯೆಂದರೆ ಬೆದರುವ ಆ ನರಮಂಡಲಕ್ಕಾಗಿ ಇರಲಿ. ಕ್ಯಾಲರಿ ಕರಗಿಸಲೆಂದು ಹೊರಟವನಿಗೆ ಐದು ನಿಮಿಷದ ನಡಿಗೆ ವ್ಯರ್ಥವೆನಿಸುತ್ತದೆ. ದೇಹಕ್ಕೆ ಚಲನೆಯನ್ನು ಮತ್ತೆ ರೂಢಿ ಮಾಡಿಸಲೆಂದು ಹೊರಟವನಿಗೆ ಅಷ್ಟೇ ಒಳ್ಳೆಯ ಆರಂಭ.

ಆಹಾರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಅದು ಒಳ್ಳೆಯ ವೇಗವೇ. ಅವಸರಪಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಏರುತ್ತದೆ. ತಟ್ಟೆಯಲ್ಲಿ ಪ್ರೋಟೀನಿನ ಪಾಲು ಕುಗ್ಗದಿರಲಿ. ರಾತ್ರಿಯ ಊಟವನ್ನು ಪೂರ್ತಿ ಬಿಡುವ ಆಲೋಚನೆ ಮಾತ್ರ ಬೇಡ, ಏಕೆಂದರೆ ಆ ಹೊತ್ತಿಗೆ ನೀನು ನುಂಗುವ ಡೈಕ್ಲೋಫೆನಾಕ್‌ನಂಥ ನೋವುನಿವಾರಕವನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವಂತಿಲ್ಲ, ಹಸಿದು ಮಲಗಿದವನಿಗೆ ನಿದ್ದೆಯೂ ಹತ್ತುವುದಿಲ್ಲ. ನಿದ್ದೆ ಕೆಟ್ಟರೆ ಮರುದಿನ ನೋವೂ ಹೆಚ್ಚು, ಹಸಿವೂ ಹೆಚ್ಚು.

ವ್ಯಾಯಾಮದಲ್ಲಿ ನಮ್ಮಂಥವರನ್ನು ಕೆಡಿಸುವುದು ಕೆಟ್ಟ ದಿನವಲ್ಲ, ಒಳ್ಳೆಯ ದಿನ. ನೋವು ಇಳಿದ ಮುಂಜಾನೆ ಬಾಕಿ ಉಳಿದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವ ಹುಮ್ಮಸ್ಸು ಬರುತ್ತದೆ. ಹಾಗೆ ಮಾಡಿದ್ದು ಸಾಲವಾಗಿ ಉಳಿದು, ಮುಂದಿನ ಎರಡು ಮೂರು ದಿನಗಳಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. ಆಮೇಲೆ ಹಾಸಿಗೆ, ವಿಶ್ರಾಂತಿ, ಮತ್ತೆ ಇನ್ನೊಂದು ಒಳ್ಳೆಯ ದಿನದ ನಿರೀಕ್ಷೆ. ಹೀಗೆ ಏರಿಳಿಯುತ್ತ ಹೋದಂತೆ ದೇಹ ಒಟ್ಟಾರೆ ಕುಗ್ಗುತ್ತಲೇ ಬರುತ್ತದೆ. 1970ರ ದಶಕದಲ್ಲಿ ವಿಲ್ಬರ್ಟ್ ಫೋರ್ಡೈಸ್ ಎಂಬ ಅಮೆರಿಕದ ಮನೋವಿಜ್ಞಾನಿ, ನೋವು ಸಾಕೆನ್ನುವವರೆಗೆ ಮಾಡುವ ಪದ್ಧತಿಯನ್ನು ಬಿಡಿಸಿ, ಮೊದಲೇ ಗೊತ್ತುಮಾಡಿದ ಪ್ರಮಾಣವನ್ನಷ್ಟೇ ರೋಗಿಗಳಿಂದ ಮಾಡಿಸತೊಡಗಿದರು. ನಾನು ಓದಿದವುಗಳಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದ ವಿಚಾರ ಇದೊಂದೇ ಎಂದರೂ ಸರಿಯೇ.

ಅದನ್ನು ನೀನು ಹೀಗೆ ಅಳವಡಿಸಿಕೊಳ್ಳಬಹುದು. ಕೆಲವು ದಿನ, ಅವುಗಳಲ್ಲಿ ಕೆಟ್ಟ ದಿನಗಳೂ ಸೇರಿರಲಿ, ನೋವು ಕೆರಳುವ ಮುನ್ನ ಎಷ್ಟು ನಿಮಿಷ ನಡೆಯಬಲ್ಲೆ ಎಂಬುದನ್ನು ಬರೆದಿಡು. ಅವುಗಳ ಸರಾಸರಿ ತೆಗೆದು, ಅದರಲ್ಲಿ ಐದನೆಯ ಒಂದು ಭಾಗವನ್ನು ಕಳೆದು, ಉಳಿದದ್ದರಿಂದ ಆರಂಭಿಸು. ಸರಾಸರಿ ಹತ್ತು ನಿಮಿಷ ಬಂದರೆ ನಿನ್ನ ಪ್ರಮಾಣ ಎಂಟು ನಿಮಿಷ. ಕೆಟ್ಟ ದಿನ ಅದನ್ನು ಎರಡು ಮೂರು ಕಂತಿನಲ್ಲಿ ಮುಗಿಸು, ಒಳ್ಳೆಯ ದಿನ ಎಂಟಕ್ಕೇ ಮನೆಗೆ ಹಿಂದಿರುಗು. ಈ ಎರಡನೆಯದು ಎಷ್ಟು ಕಷ್ಟವೆಂದು ಮಾಡಿ ನೋಡಿದಾಗಲೇ ತಿಳಿಯುತ್ತದೆ. ಒಂದೆರಡು ವಾರ ಅದು ಸಲೀಸಾಗಿ ನಡೆದ ಮೇಲೆ ಒಂದು ನಿಮಿಷ ಸೇರಿಸು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಮಟ್ಟದ ಚಟುವಟಿಕೆಯನ್ನೂ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಶಿಫಾರಸು ಮಾಡುತ್ತದೆಂಬುದನ್ನು ನೀನೇ ಉಲ್ಲೇಖಿಸಿದ್ದೀಯೆ. ಆದರೆ ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಬೇಕೆಂದು ಹಿಂದೆ ಇದ್ದ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಕೈಬಿಟ್ಟಿದೆ. ಮೂರು ನಿಮಿಷ ನಡೆದರೂ ಅದು ಲೆಕ್ಕಕ್ಕೆ ಬರುತ್ತದೆ.

ಯಾವ ವ್ಯಾಯಾಮ ಎಂದು ಕೇಳಿದ್ದೀಯೆ. ದೀರ್ಘಕಾಲಿಕ ನೋವಿಗೆ ಇದೇ ಶ್ರೇಷ್ಠವೆಂದು ಹೇಳಬಹುದಾದ ಒಂದು ಬಗೆ ಇಲ್ಲ. ನಿನ್ನಿಂದ ಬಿಡದೆ ಮಾಡಲಾಗುವುದೇ ಒಳ್ಳೆಯದು. ನಡಿಗೆ ಮೊಣಕಾಲಿಗೆ ಹಿಂಸೆಯಾದರೆ ನೀರಿಗಿಳಿ: ಸೊಂಟದ ಮಟ್ಟದ ನೀರಿನಲ್ಲಿ ಕಾಲುಗಳು ಹೊರುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಈಜು ಬಾರದಿದ್ದರೂ ಅಲ್ಲಿ ನಡೆಯಬಹುದು. ಮನೆಯಲ್ಲಿ ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಎದ್ದು ನಿಧಾನವಾಗಿ ಕೂರುವುದು ತೊಡೆಯ ಸ್ನಾಯುಗಳಿಗೆ ಸಾಕಷ್ಟು ಕೆಲಸ ಕೊಡುತ್ತದೆ, ಮತ್ತು ಮೊಣಕಾಲಿನ ಭಾರವನ್ನು ಹಂಚಿಕೊಳ್ಳುವುದು ಆ ಸ್ನಾಯುಗಳೇ. ಭಾರ ಎತ್ತುವುದನ್ನು ಆಮೇಲೆ ನೋಡೋಣ.

ನೋವು ಹೆಚ್ಚಾದರೆ ಏನು ಮಾಡಬೇಕೆಂಬುದೇ ನಿನ್ನ ದೊಡ್ಡ ಅಂಜಿಕೆ. ಹೊಸದಾಗಿ ದುಡಿದ ಸ್ನಾಯುಗಳು ಒಂದರಿಂದ ಮೂರು ದಿನದೊಳಗೆ ನೋಯುವುದು ಎಲ್ಲರಿಗೂ ಸಹಜ. ಹಳೆಯ ನೋವಿರುವವರಿಗೆ ಮಾತ್ರ ಅದೂ ಹಾನಿಯ ಸೂಚನೆಯಂತೆ ಕಾಣುತ್ತದೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನಿನ್ನ ಎಂದಿನ ನೋವು ವ್ಯಾಯಾಮದ ಹೊತ್ತಿನಲ್ಲಿ ಒಂದೆರಡು ಅಂಕ ಏರಿ, ಮರುದಿನ ಬೆಳಗಿನೊಳಗೆ ಹಿಂದಿನ ಮಟ್ಟಕ್ಕೆ ಮರಳಿದರೆ ಅದೇ ಪ್ರಮಾಣವನ್ನು ಮುಂದುವರಿಸಬಹುದು. ಮರಳದಿದ್ದರೆ ಪ್ರಮಾಣವನ್ನು ತಗ್ಗಿಸು, ಪೂರ್ತಿ ನಿಲ್ಲಿಸಬೇಡ. ಆದರೆ ಕಾಲಿನಲ್ಲಿ ಹೊಸದಾಗಿ ಬಲ ಕುಂದುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರದೊಂದಿಗೆ ಬೆನ್ನುನೋವು ಬರುವುದು, ಎದೆನೋವು — ಇವುಗಳಲ್ಲಿ ಯಾವುದು ಕಂಡರೂ ಈ ಪತ್ರವನ್ನು ಮರೆತು ತಕ್ಷಣ ಆಸ್ಪತ್ರೆಗೆ ಹೋಗು.

ಎಷ್ಟೇ ಎಚ್ಚರ ವಹಿಸಿದರೂ ನೋವು ಕೆರಳುವ ವಾರಗಳು ಬಂದೇ ಬರುತ್ತವೆ. ಆ ವಾರದಲ್ಲಿ ಏನು ಮಾಡಬೇಕೆಂಬುದನ್ನು ಈಗಲೇ, ಮನಸ್ಸು ತಿಳಿಯಾಗಿರುವಾಗ, ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಪ್ರಮಾಣ ಅರ್ಧಕ್ಕೆ, ಕುರ್ಚಿಯ ವ್ಯಾಯಾಮ ಮಾತ್ರ, ಊಟ ಎಂದಿನಂತೆ. ತೂಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ದೇಹದ ನೀರಿನ ಏರಿಳಿತದಿಂದಲೇ ಒಂದು ದಿನದಲ್ಲಿ ಒಂದು ಕೆ.ಜಿ. ಆಚೀಚೆ ಆಗುವುದರಿಂದ ದಿನವೂ ನೋಡುವವನಿಗೆ ಬೇಸರವಷ್ಟೇ ಉಳಿಯುತ್ತದೆ. ಎಷ್ಟು ಮೆಟ್ಟಿಲು ನಿಲ್ಲದೆ ಹತ್ತಿದೆ, ಎಷ್ಟು ಹೊತ್ತು ಕುಳಿತು ಕೆಲಸ ಮಾಡಿದೆ ಎಂಬುದನ್ನೂ ಅದರ ಪಕ್ಕದಲ್ಲಿ ಬರೆದುಕೋ.

ಫಿಸಿಯೋಥೆರಪಿಸ್ಟರನ್ನು ಕಾಣಲು ಹೋಗುವಾಗ ಆ ಬರಹವನ್ನೂ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗು, ಮತ್ತು ನನ್ನ ಎಂಟು ನಿಮಿಷದ ಲೆಕ್ಕ ನಿನ್ನ ಮೊಣಕಾಲಿಗೆ ಹೊಂದುವುದೇ ಎಂದು ಅವರನ್ನೇ ಕೇಳು. ಅವರು ಬೇರೆ ಹೇಳಿದರೆ ಅವರ ಮಾತನ್ನೇ ಅನುಸರಿಸು. ಏನು ಹೇಳಿದರೆಂದು ನನಗೂ ಬರೆ.

ಇಂತಿ,
ನಿನ್ನ ಗೆಳೆಯ